ತಾಯವ್ವ ದೇವರಿಗೆ ಬಿಟ್ಟ ಬೆಳ್ಳುಳ್ಳಿ

ಮುಂಡಗೋಡದ ಸಂತ್ಯಾಗ ಬೆಳ್ಳುಳ್ಳಿ ಮಾರೂ ತಾಯವ್ವ ನನ್ನ ಮಗ್ಗಲ ಮನಿಯಾಕಿ. ನನಗಿಂತ ಭಾಳ ಸಣ್ಣಾಕಿ, ಆದರ ಹೊಸಬರು ನೋಡಿದ್ರ ಆಕಿನ್ನ ನನ್ನ ಅಕ್ಕ ಅಂತಿದ್ರು. ಮುಟ್ಟು ನಿಲ್ಲಲಾರದ ಹೋಗಿ ಹೋಗಿ ಮೈಯಾಗ ರಕ್ತ ಉಳಿದಿರಲಿಲ್ಲ. ಬೆಳ್ಳುಳ್ಳಿ ಬುಟ್ಟಿ ಇಳಿಸಿದರ ಮತ್ತ ಏಳಾಕ ಗ್ವಾಡಿ ಹಿಡೀತಿದ್ದಳು. ಗರ್ಭಚೀಲ ತೆಗೀಬೇಕು ಅಂದ್ರು ಡಾಕ್ಟರು, ರಕ್ತ ಏರೂತನಕ ಕೈ ಹಚ್ಚಂಗಿಲ್ಲ ಅಂತನೂ ಅಂದ್ರು. ಕಬ್ಬಿಣದ ಗುಳಿಗಿ ಕೊಟ್ರು. ತಿಂಗಳ ಬಿಟ್ಟು ನೋಡಿದ್ರ ರಕ್ತ ಇದ್ದಲ್ಲೇ ಐತಿ.

"ಏನ ಉಣ್ತಿ?" ಅಂದಳು ನರ್ಸಬಾಯಿ.

"ರೊಟ್ಟಿ, ಬ್ಯಾಳಿ, ಮ್ಯಾಲ ಚಾ. ಗುಳಿಗಿನೂ ಚಾದಾಗ ನುಂಗ್ತೇನ್ರಿ."

"ಅಲ್ಲೇ ಕೆಟ್ಟಿ! ಚಾ ಆ ಕಬ್ಬಿಣ ಮೈಗೆ ಹತ್ತಗೊಡೂದಿಲ್ಲ. ಗುಳಿಗಿ ನಿಂಬಿನೀರಾಗ ತಗೊ. ಬ್ಯಾಳ್ಯಾಗ ಬೆಳ್ಳುಳ್ಳಿ ಜಜ್ಜಿ ಹಾಕ್ಕೊ, ಕಾಳುಕಡಿಯೊಳಗಿನ ಕಬ್ಬಿಣ, ಸತು ಮೈಗೆ ಹತ್ತಾಕ ಒಂದೀಟು ನೆರವಾಗತೈತಿ ಅಂತಾರ."

ತಾಯವ್ವನ ಜೋಡಿ ನಾನೂ ಹೋಗಿದ್ದೆ. ನಾನ ಹೇಳಿದೆ, "ಬಾಯಾರ, ಈಕಿ ಮಾರತಾಳ, ತಿನ್ನಂಗಿಲ್ಲ."

ಮಗಳು ಶೈಲಾಗ ಮಕ್ಕಳಾಗಲಿ ಅಂತ ಉಳವಿ ಚನ್ನಬಸವಣ್ಣನ ಮುಂದ ಬೆಳ್ಳುಳ್ಳಿ ಬಿಟ್ಟಿದ್ದಳು. ಬೇಡಿಕೊಂಡವರು ನಾಲಿಗಿಗೆ ಪ್ರೀತಿಯಾದದ್ದನ್ನ ಬಿಡೂದು ನಮ್ಮ ಕಡೆ ರೂಢಿ. ಕೂಸು ಹುಟ್ಟಿ ಅಂಗಳದಾಗ ಓಡಾಡಾಕತ್ತೈತಿ. ತಿಂದ್ರ ಅದಕ್ಕ ಏನಾರ ಆದೀತು ಅಂತ ಈಕಿ ಹೆದರಿಕಿ.

ಭಿಕ್ಷಾಕ್ಕ ಬರೂ ಜಂಗಮರು ಅಡಿವೆಯ್ಯನವರನ್ನ ಕಟ್ಟಿ ಮ್ಯಾಲ ಕುಂದ್ರಿಸಿ ಎಲ್ಲಾ ಹೇಳಿದೆ. ಅವರು ಅಂದ್ರು, "ಬಿಟ್ಟದ್ದನ್ನ ತಿರುಗಿ ತಗೊಬೇಕಂದ್ರ ಅದಕ್ಕಿಂತ ಪ್ರೀತಿದು ಬದಲಿ ಬಿಡಬೇಕು. ಏನ ಬಿಡ್ತಿಯವ್ವಾ?"

"ನನ್ನ ಕಡೆ ಇನ್ನೇನ ಉಳದೈತ್ರಿ?"

"ಚಾ ಬಿಡ್ತಾಳ್ರಿ ಅಯ್ಯಾರ," ಅಂದೆ ನಾನು.

"ನಿನ್ನ ಬಾಯಿಗೆ ಮಣ್ಣ ಹಾಕ, ಮುದುಕಿ!" ಅಂದಳು ತಾಯವ್ವ. ಅಯ್ಯನವರು ನಕ್ಕೋತ ಆಕಿ ಹಣಿಗೆ ವಿಭೂತಿ ಹಚ್ಚೇಬಿಟ್ರು.

ಮೊದಲನೇ ಬೆಳ್ಳುಳ್ಳಿ ತುತ್ತು ನುಂಗಾಗ ಮೊಮ್ಮಗನ್ನ ತೊಡಿ ಮ್ಯಾಲ ಬಿಗಿಯಾಗಿ ಹಿಡಕೊಂಡಿದ್ದಳು. ಅಂವ ಆಕಿ ಸೆರಗು ಜಗ್ಗಿ ಕೊಸರಿಕೊಂಡು ಓಡಿದ. ಚಾ ಇಲ್ಲದ ತಲಿನೋವಿಗೆ ಗಿರಾಕಿ ಮ್ಯಾಲ ಹರಿಹಾಯ್ದಳು, ನನ್ನ ಮ್ಯಾಲೂ.

ರಕ್ತ ಮೆಲ್ಲಕ ಏರಿತು. ಗುಳಿಗಿಯಿಂದೋ, ಚಾ ಬಿಟ್ಟದ್ದಕ್ಕೋ, ಬೆಳ್ಳುಳ್ಳಿಯಿಂದೋ, ನಮಗೇನ ತಿಳೀತೈತಿ. ಮಳಿಗಾಲ ಮುಗಿಯೂದ್ರಾಗ ಡಾಕ್ಟರು ಆಪರೇಶನ್ನಿಗೆ ದಿನಾ ಗೊತ್ತ ಮಾಡಿದ್ರು.

ದವಾಖಾನಿಗೆ ಹೋಗೂ ಬಸ್ಸಿನ್ಯಾಗ ಕೇಳಿದೆ, "ಹೊಟ್ಟಿ ಕೊಯ್ತಾರ, ಅಂಜಿಕಿ ಆಗವಲ್ಲದೇನ?"

"ಕೊಯ್ಯಲಿ ಬಿಡ," ಅಂದಳು, ಕಿಟಕಿಗೆ ತಲಿ ಆನಿಸಿ. "ಆಮ್ಯಾಲರ ನಾಕ ದಿನಾ ಯಾರೂ ನನಗ ಎದ್ದೇಳು ಅನ್ನಂಗಿಲ್ಲಲ್ಲ."