ಒಂದರಿಂದ ಎಣಿಸುವ ಅಂಜುಮ

ಬೆಳಗಿನ ನಮಾಜು ಮುಗಿದು ಇನ್ನೂ ಅರ್ಧ ಗಂಟೆಯಾಗಿಲ್ಲ. ಅಫಜಲಪುರದ ತಮ್ಮ ಮನೆಯ ಅಡುಗೆಕೋಣೆಯಲ್ಲಿ, ಹಿಟ್ಟಿನ ಡಬ್ಬಿಯ ಮೇಲೆ ಹಲಗೆ ಇಟ್ಟು, ಅಂಜುಮ ಹಳೆಯ ಲ್ಯಾಪ್‌ಟಾಪ್ ತೆರೆದಿದ್ದಾರೆ. ಪರದೆಯ ಎಡಕ್ಕೆ ಲುವಾ ಎಂಬ ಕಂಪ್ಯೂಟರ್ ಭಾಷೆಯ ಸಾಲುಗಳು, ಬಲಕ್ಕೆ ಬ್ರೌಸರಿಗೆ ತಿಳಿಯುವ ಜಾವಾಸ್ಕ್ರಿಪ್ಟ್. ಅದನ್ನು ಓದಿ ಇದರಲ್ಲಿ ಬರೆಯುತ್ತಾರೆ. ಒಂಬತ್ತಕ್ಕೆ ತಹಶೀಲ ಕಚೇರಿ ಎದುರಿನ ಝೆರಾಕ್ಸ್ ಅಂಗಡಿ ತೆರೆಯಬೇಕು. ಅಲ್ಲಿ ದಿನಕ್ಕೆ ಎಪ್ಪತ್ತು ಅರ್ಜಿ ತುಂಬುವ ಈ ಮೂವತ್ತೆಂಟರ ಹೆಣ್ಣುಮಗಳು ಗೇಮ್ ಎಂಜಿನ್ ಕಟ್ಟಿದ್ದಾರೆಂದು ಪಕ್ಕದ ಚಹಾದಂಗಡಿಗೂ ಗೊತ್ತಿಲ್ಲ.

ಎಂಜಿನ್ ಎಂದರೆ ಮೊಬೈಲ್ ಆಟಗಳ ಬುನಾದಿ. ಚಿತ್ರ ತೋರಿಸುವುದು, ಸದ್ದು ಹೊರಡಿಸುವುದು ಅದರ ಕೆಲಸ. ಆಟದಲ್ಲಿ ಏನೇನಾಗಬೇಕೆಂದು ಇನ್ನೊಂದು ಭಾಷೆಯಲ್ಲಿ ಬರೆದು ಹೇಳಬೇಕು. ಎಂಟು ವರ್ಷ ಲುವಾದಲ್ಲೇ ಹೇಳಿಕೊಂಡು ಬಂದರು. ಹೊಸ ಫೋನುಗಳು ಇವರ ಆ್ಯಪನ್ನು ಒಳಗೆ ಬಿಟ್ಟುಕೊಳ್ಳದಾದಾಗ, ಆಟಗಳು ಬ್ರೌಸರಿನಲ್ಲೇ ತೆರೆದುಕೊಳ್ಳಲೆಂದು ಭಾಷೆಯನ್ನೇ ಬದಲಿಸಲು ಕೂತರು. ಕರಜಗಿಯಿಂದ ಅಂದೋಲಾವರೆಗೆ ಶಾಲೆ ಮಕ್ಕಳು ಆಡುವ ಇಪ್ಪತ್ಮೂರು ಆಟ, ಹನ್ನೊಂದು ತಿಂಗಳು. ಒಲೆಯ ಮೇಲಿನ ಅಡುಗೆ ಕೆಡದಂತೆ ಪಾತ್ರೆ ಬದಲಿಸುವ ಕೆಲಸ ಇದು.

“ಮಂದಿ ಮಕ್ಕಳು ಆಡ್ಲಿ ಅಂತ ಇಕಿ ನಿದ್ದಿ ಕೆಡಿಸ್ಕೊಂಡಾಳ್ರಿ” ಎಂದು ತಾಯಿ ವಜೀರುನ್ನಿಸಾ ಬೈಯುತ್ತಾರೆ. ಬೈಗುಳ ಮುಗಿಯುವಷ್ಟರಲ್ಲಿ ಮಗಳ ಪಕ್ಕ ಚಹಾ ಬಂದಿರುತ್ತದೆ.

ಹಿಡಿದ ಕೆಲಸ ಕೈಬಿಡುವ ಹಂತಕ್ಕೆ ಬಂದದ್ದು ‘ರಾಶಿ’ ಆಟದಲ್ಲಿ. ಮಕ್ಕಳು ಜೋಳದ ರಾಶಿಯನ್ನು ಸೇರಿನಿಂದ ಅಳೆಯುವ ಆಟವದು. ಎಣಿಸುವ ದನಿ ಅತನೂರಿನ ಚಂದ್ರಾಮ ಅವರದು. ನಲವತ್ತು ವರ್ಷ ಕಣದಲ್ಲಿ ಕಾಳು ಅಳೆದ ಹಿರಿಯರು. ಮೊದಲ ಸೇರಿಗೆ ನಮ್ಮಲ್ಲಿ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಲುವಾ ತನ್ನ ಪಟ್ಟಿಗಳನ್ನು ಒಂದರಿಂದ ಎಣಿಸುತ್ತದೆ, ಜಾವಾಸ್ಕ್ರಿಪ್ಟ್ ಸೊನ್ನೆಯಿಂದ; ಅಲ್ಲಿ ಒಂದು ಎಂದರೆ ಪಟ್ಟಿಯ ಎರಡನೆಯದು. ಗೊತ್ತಿದ್ದೂ ಅಂಜುಮ ಮರೆತರು. ಆಟವು ಲಾಭವನ್ನು ನುಂಗಿ, ಮೊದಲ ಸೇರಿಗೇ ‘ಎರಡು’ ಎಂದಿತು.

ಅಂಜುಮ ತೋರಿಸಿದ ಆಟ ಕೇಳಿದ ಚಂದ್ರಾಮ ಫೋನು ಕೆಳಗಿಟ್ಟರು. “ಲಾಭ ಅನ್ನಲಾರ್ದೆ ರಾಶಿ ಅಳ್ಯಾಂಗಿಲ್ಲವ್ವಾ. ನನ್ನ ದನಿ ತಗದ್ಬಿಡು.”

ಅಂಜುಮ ಬರೆದ ಸಾಲುಗಳನ್ನೆಲ್ಲ ಮತ್ತೆ ತೆರೆದರು. ಹುಡುಕಿದರೆ, ಅದೇ ತಪ್ಪು ಉಳಿದ ಆಟಗಳಲ್ಲೂ ಅಲ್ಲಲ್ಲಿ ಹೊಕ್ಕಿತ್ತು. “ಎಲ್ಲಾ ಅಳಿಸಿ ಸುಮ್ನ ಕುಂದ್ರಬೇಕ ಅನಿಸ್ತ್ರಿ.” ಎರಡು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಮೂರನೆಯ ದಿನ, ಒಂದೊಂದೇ ಆಟ ತಿದ್ದುವ ಬದಲು, ಎಂಜಿನ್ನಿನ ಪಟ್ಟಿಗಳೇ ಒಂದರಿಂದ ಎಣಿಸುವಂತೆ ಮಾಡಿದರು. ಅಂತರ್ಜಾಲದಲ್ಲಿ ಇದನ್ನು ಕಂಡ ಯಾರೋ ಮಹಾ ಬಲ್ಲವರು, ಇದು ಭಾಷೆಯ ರೀತಿಗೆ ವಿರುದ್ಧ ಎಂದು ತಗಾದೆ ತೆಗೆದರು. “ಅದರ ರೀತಿ ಅದಕ್ಕಿರ್ಲಿ. ರಾಶಿ ಅಳ್ಯೋದು ನಮ್ಮ ರೀತಿರಿ” ಎಂದು ಅಂಜುಮ ನಗುತ್ತಾರೆ.

ಹೋದ ವಾರ ಬಸ್ಸು ಹತ್ತಿ ಅತನೂರಿಗೆ ಹೋದರು. ಚಂದ್ರಾಮ ಕಣ್ಣು ಮುಚ್ಚಿ, ಲಾಭದಿಂದ ಇಪ್ಪತ್ತರವರೆಗೆ ತಮ್ಮದೇ ದನಿಯ ಜೊತೆ ಎಣಿಸಿದರು. “ಅಳತಿ ಸರಿ ಅದ. ಇರ್ಲಿ ಬಿಡವ್ವಾ” ಎಂದರು.

“ಆಡಿದವ್ರೆಲ್ಲಾ ಚಲೋ ಅದ ಅಂದಾರ್ರಿ. ತಪ್ಪಾಗ್ಯದ ಅಂತ ಮಾರಿ ಮ್ಯಾಲೆ ಹೇಳ್ದವ್ರು ಇವ್ರೊಬ್ರೇ” ಎನ್ನುತ್ತಾರೆ ಅಂಜುಮ. “ಅದಕ್ಕ, ಇವ್ರು ಸರಿ ಅಂದ್ರ ನಾ ನಂಬ್ತೇನಿ.”