ಜ್ವರದ ಮಗುವಿಗೆ ಒಂದು ಬಟ್ಟಲು ಗಂಜಿ

ಮಗಳ ರಕ್ತಪರೀಕ್ಷೆಗೆ ದುಡ್ಡು ಹೋಗಲಿಲ್ಲ, ಹೋದದ್ದು ಒಂದು ಮಾತು. ವರ್ಷಗಟ್ಟಲೆ ಯಾರ ಮುಂದೆಯೂ ಬಾಯಿಬಿಡದಿದ್ದ ಆ ಮಾತನ್ನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಪರಿಚಯವಿಲ್ಲದ ಹೆಣ್ಣುಮಗಳೊಬ್ಬರ ಮುಂದೆ ಆಡಬೇಕಾಯಿತು. ಆಡದಿದ್ದರೆ ನನ್ನ ಮಗಳ ರಕ್ತದಲ್ಲಿ ಏನು ಹುಡುಕಬೇಕೆಂದು ಆಕೆಗೆ ತಿಳಿಯುತ್ತಿರಲಿಲ್ಲ.

ನಾನು ಚಳ್ಳಕೆರೆಯ ಕಂಬಳಿ ವ್ಯಾಪಾರಿ. ಹೆಗಲ ಮೇಲೆ ನಾಲ್ಕು ಕಂಬಳಿ ಹೊತ್ತು ರಾಂಪುರ, ಮೊಳಕಾಲ್ಮೂರು ಸುತ್ತಿ ಮಾರುತ್ತಿದ್ದವನು, ತೊಂಬತ್ತರ ದಶಕದಲ್ಲಿ ಸ್ವಂತ ಅಂಗಡಿ ಹಾಕಿದೆ. ಮನಸ್ಸಿನಲ್ಲಿದ್ದದ್ದನ್ನು ಎದುರಿನವನಿಗೆ ಮೊದಲು ಹೇಳಬಾರದು ಅನ್ನುವುದೊಂದೇ ನಾನು ಕಲಿತ ವಿದ್ಯೆ. ಮದುವೆ ಸಂಬಂಧದೊಳಗೇ ಆಯಿತು. ಕೊಂಡ್ಲಹಳ್ಳಿಗೆ ಕೊಟ್ಟಿದ್ದ ಅಕ್ಕನ ಮಗಳನ್ನೇ ತಂದುಕೊಂಡೆ.

ಮೊದಲ ಮಗ ಒಂದೂವರೆ ವರ್ಷದವನಿದ್ದಾಗ ಜ್ವರ ಬಂತು. ನಮ್ಮಲ್ಲಿ ಜ್ವರ ಅಂದರೆ ಲಂಘನ. ಮೈ ಬಿಸಿ ಇಳಿಯುವ ತನಕ ಬರೀ ಬಿಸಿನೀರು. ಅವ್ವ ಹಾಗೆಂದಳು, ನಾನು ಹೂಂ ಅಂದೆ. ಹೆಂಡತಿಗೆ ತಡೆಯಲಾಗಲಿಲ್ಲ, ಸೆರಗಿನ ಮರೆಯಲ್ಲಿ ಒಂದು ಬಟ್ಟಲು ಹಾಲು ತಂದಳು. ನಾನು ಕಸಿದುಕೊಂಡೆ. ಮರುದಿನ ಬೆಳಿಗ್ಗೆ ಹುಡುಗ ಏಳಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಕೇಳಿದವರಿಗೆಲ್ಲ ಜ್ವರ ತಲೆಗೇರಿತು ಅಂದೆ. ಬಟ್ಟಲಿನ ಮಾತು ನಮ್ಮಿಬ್ಬರಲ್ಲೇ ಉಳಿಯಿತು, ನಾವಿಬ್ಬರೂ ಅದನ್ನು ಆಡಿಕೊಳ್ಳಲಿಲ್ಲ.

ಆಮೇಲೆ ಮಗಳು ಹುಟ್ಟಿದಳು. ಚಳ್ಳಕೆರೆಯ ಮಕ್ಕಳ ಡಾಕ್ಟರು ಮೊದಲ ಮಗು ಹೋದ ಸುದ್ದಿ ಕೇಳಿದವರೇ ಚೀಟಿ ಬರೆದು ನಮ್ಮನ್ನು ಬೆಂಗಳೂರಿಗೆ ಕಳಿಸಿದರು. ಸಣ್ಣ ಜ್ವರಕ್ಕೆ ದಿಢೀರನೆ ಹೋಗುವ ಮಕ್ಕಳ ಬಗ್ಗೆಯೇ ವರ್ಷಗಳಿಂದ ಸಂಶೋಧನೆ ಮಾಡುವ ಮೇಡಂ ಅಲ್ಲಿದ್ದಾರೆ, ಇಂಥ ಸುದ್ದಿ ಬಂದರೆ ಬಿಡಬೇಡಿ ಎಂದು ಊರೂರಿನ ಡಾಕ್ಟರಿಗೆ ಪತ್ರ ಬರೆಯುತ್ತಾರೆ ಅಂದರು.

"ಎಷ್ಟಾಗ್ತೈತ್ರೀ ಮೇಡಂ? ಮೊದ್ಲೇ ಹೇಳಿಬಿಡ್ರಿ," ಅಂದೆ, ಬೆಂಗಳೂರಿನಲ್ಲಿ ಅವರ ಮುಂದೆ ಕೂತೊಡನೆ.

"ಏನೂ ಕೊಡಬೇಡಿ. ಮೊದಲ ಮಗು ಕೊನೆಯ ಸಲ ಏನು ತಿಂದಿತ್ತು, ಯಾವಾಗ ತಿಂದಿತ್ತು, ಅದನ್ನ ಹೇಳಿ."

"ಹೋದದ್ದು ಹೋಯ್ತಲ್ರೀ. ಈ ಕೂಸಿನ ರಕ್ತ ನೋಡ್ರಿ."

ಆಕೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತರು. ಸುಮ್ಮನಿದ್ದು ಎದುರಿನವನ ಬಾಯಿ ಬಿಡಿಸುವುದು ನನ್ನ ಕಸುಬು. ಆ ದಿನ ಆಕೆ ನನಗಿಂತ ಹೆಚ್ಚು ಹೊತ್ತು ಸುಮ್ಮನಿದ್ದರು. ಹೆಂಡತಿ ಗೋಡೆ ನೋಡುತ್ತಿದ್ದಳು.

"ಹಿಂದಿನ ದಿನ ಬೆಳಿಗ್ಗೆಯಿಂದ ಏನೂ ಇಲ್ರೀ," ಅಂದೆ. "ಇವ್ಳು ಹಾಲು ತಂದಿದ್ಲು. ನಾನೇ ಬಟ್ಲು ಕಸ್ಕಂಡೆ."

ಮೇಡಂ ಬೈಯಲಿಲ್ಲ. ಬರೆದುಕೊಂಡರು. ನಮ್ಮ ಮನೆತನವನ್ನು ಗೆರೆ ಎಳೆದು ತೋರಿಸಿದರು. ನನಗೂ ಹೆಂಡತಿಗೂ ನಡುವೆ ಎರಡು ಗೆರೆ. ರಕ್ತಸಂಬಂಧದೊಳಗಿನ ಮದುವೆಗೆ ಹಾಗೆ ಎಳೆಯುತ್ತಾರಂತೆ. ಮಗಳ ಹಿಮ್ಮಡಿ ಚುಚ್ಚಿ ದಪ್ಪ ಕಾಗದದ ಮೇಲೆ ನಾಲ್ಕು ಬೊಟ್ಟು ರಕ್ತ ಇಟ್ಟು ಒಣಗಿಸಿದರು. ಅಷ್ಟೇ.

ರಿಪೋರ್ಟ್ ಬಂದ ಮೇಲೆ ಮತ್ತೆ ಹೋದಾಗ ತಿಳಿಸಿ ಹೇಳಿದರು. ಉಂಡದ್ದು ಕರಗಿದ ಮೇಲೆ ಮೈ ತನ್ನ ಕೊಬ್ಬನ್ನೇ ಉರಿಸಿಕೊಂಡು ಬದುಕುತ್ತದೆ. ಈ ಮಗುವಿಗೆ ಆ ಒಲೆ ಸರಿಯಾಗಿ ಹೊತ್ತುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಅಡಗಿದ್ದ ಕೊರತೆ ಇವಳಲ್ಲಿ ಕೂಡಿಕೊಂಡಿದೆ. ಹೊತ್ತುಹೊತ್ತಿಗೆ ಉಣ್ಣಿಸಿದರೆ ಬೆಳೆಯುತ್ತಾಳೆ, ಜ್ವರದಲ್ಲಿ ಖಾಲಿ ಹೊಟ್ಟೆಯಲ್ಲಿಟ್ಟರೆ ಉಳಿಯುವುದು ಕಷ್ಟ. ಮಗನದ್ದೂ ಇದೇ ಇರಬೇಕು ಅಂದರು. ಜ್ವರ ಬಂದು ಯಾವ ಆಸ್ಪತ್ರೆಗೆ ಹೋದರೂ ತೋರಿಸಿ, ತಕ್ಷಣ ಗ್ಲೂಕೋಸ್ ಹಾಕುತ್ತಾರೆ ಎಂದು ಒಂದು ಚೀಟಿ ಬರೆದುಕೊಟ್ಟರು.

ಇದನ್ನು ಅವ್ವನಿಗೆ ಹೇಳಲಿಲ್ಲ. ಹೇಗೆ ಹೇಳುವುದು?

ಮಗಳಿಗೂ ಒಂದು ಮಧ್ಯಾಹ್ನ ಜ್ವರ ಬಂತು. ಅಂಗಡಿಯಿಂದ ಓಡಿ ಬಂದೆ. ಅವ್ವ ಗಂಜಿಯ ಬಟ್ಟಲನ್ನು ಸೊಸೆಯ ಕೈಗೆ ಸಿಗದಂತೆ ಹಿಡಿದು ನಿಂತಿದ್ದಳು.

"ಜ್ವರದಾಗೆ ಉಣ್ಸಾಕೆ ಹೊಂಟಾಳೆ ನೋಡ್ಲೇ ನಿನ್ನ ಹೇಣ್ತಿ! ನಿಮ್ಮಪ್ಪಂಗೆ ನಾಕು ದಿನ ಬರೇ ನೀರು ಕೊಟ್ಟು ಉಳಿಸ್ಕಂಡೀನಿ ನಾನು."

"ಅವ್ವಾ, ಅರ್ಧ ಬಟ್ಲು."

"ಒಂದು ಚಮಚ. ಅದೂ ನೀರು ನೀರು ಮಾಡಿ."

"ನಾಕು ಚಮಚ ಕೊಡವ್ವಾ."

"ಇದೇನು ನಿನ್ನ ಕಂಬ್ಳಿ ಯಾಪಾರ ಏನ್ಲೇ?"

ಮಗಳ ಕಣ್ಣು ಮುಚ್ಚುತ್ತಾ ಬಂತು. ಹೇಳಿಬಿಟ್ಟೆ, ಬೆಂಗಳೂರಿನ ಮೇಡಂ ಹೇಳಿದ್ದೆಲ್ಲ. ಅವ್ವ ಬಟ್ಟಲನ್ನು ಕೆಳಗಿಟ್ಟಳು.

"ಹಂಗಾದ್ರೆ ಮೊದ್ಲನೇದನ್ನ ನಾನೇ..."

"ಬಟ್ಲು ಕಸ್ಕಂಡೋನು ನಾನವ್ವಾ. ನೀನಲ್ಲ."

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೆಳಗೆ ಕೂತು, ಗಂಜಿಗೆ ಸಕ್ಕರೆ ಕಲಸಿ, ಕೂಸನ್ನು ತೊಡೆಯ ಮೇಲೆ ಎಳೆದುಕೊಂಡಳು. "ಬಾಯ್ ತೆಗಿಯೇ ನಮ್ಮವ್ವ, ಒಂದು ಗುಟುಕು," ಅನ್ನುತ್ತಾ ಬಟ್ಟಲು ಬರಿದಾಗುವವರೆಗೂ ಏಳಲಿಲ್ಲ. ಕೂಡಲೇ ಊರಿನ ಆಸ್ಪತ್ರೆಗೆ ಹೋದೆವು. ಮೇಡಂ ಬರೆದುಕೊಟ್ಟಿದ್ದ ಚೀಟಿ ನೋಡಿದ ಡಾಕ್ಟರು ಮರುಪ್ರಶ್ನೆ ಕೇಳದೆ ಗ್ಲೂಕೋಸ್ ಹಾಕಿದರು. ಮಗಳು ಈಗ ಶಾಲೆಗೆ ಹೋಗುತ್ತಾಳೆ, ಬುತ್ತಿ ಎರಡು ಡಬ್ಬಿ.

ಮಗನ ಕೊನೆಯ ದಿನದ ವಿವರ ಮೇಡಂ ಕಡತದಲ್ಲಿದೆ, ಹೆಸರಿಲ್ಲದೆ. ಈಗ ಚಳ್ಳಕೆರೆಯ ಡಾಕ್ಟರು ಮಗು ಕಳೆದುಕೊಂಡ ತಾಯಿ ಬಂದರೆ ಮೊದಲು ಕೇಳುವುದು, ಕೊನೆಗೆ ಏನು ತಿಂದಿತ್ತು ಅಂತ. ಮೊಳಕಾಲ್ಮೂರಿನ ನೇಕಾರರ ಮನೆಯ ಎರಡನೇ ಕೂಸು ಹಾಗೆ ಕೇಳಿದ್ದರಿಂದಲೇ ಉಳಿಯಿತು.

ಆದ್ದರಿಂದ ನಿಮಗೆ ಹೇಳುತ್ತೇನೆ, ವ್ಯಾಪಾರದಲ್ಲಿ ಏನು ಬೇಕಾದರೂ ಮುಚ್ಚಿಡಿ, ಹೋದ ಮಗುವಿನ ವಿಷಯವನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಸಂಬಂಧದಲ್ಲಿ ಮದುವೆಯಾಗಿದ್ದರೆ ಅದನ್ನೂ ಹೇಳಿ. ಜ್ವರದ ಕೂಸಿಗೆ ಲಂಘನ ಹಾಕಬೇಡಿ. ಉಣ್ಣಲೊಲ್ಲದೆ ಮಂಕಾದರೆ, ವಾಂತಿ ಹತ್ತಿದರೆ ನಾಳೆ ನೋಡೋಣ ಅನ್ನದೆ ಹೊರಡಿ. ಡಾಕ್ಟರು ಇಂಥ ಚೀಟಿ ಕೊಟ್ಟಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿ. ಮನೆಯ ಹಿರಿಯರಿಗೂ ಈವತ್ತೇ ತಿಳಿಸಿ ಹೇಳಿ, ಜ್ವರ ಬರುವ ತನಕ ಕಾಯಬೇಡಿ.