ಕೆನ್ನೆಯ ಮಚ್ಚೆಗೆ ನೀಲಿ ದೀಪ

“ಇನ್ನೂ ಹತ್ನಿಮಿಷ ದೀಪ ಇಟ್ಬುಡಿ ಮೇಡಂ. ಭಾನುವಾರ ದೊಡ್ಡವಳನ್ನ ನೋಡೋಕೆ ಬರ್ತಾರೆ. ಇವಳ ಕೆನ್ನೆ ಕಂಡ್ರೆ ಸಂಬಂಧ ಮುರ್ದೋಗುತ್ತೆ” ಎಂದು ಆ ತಾಯಿ ಅಂಗಲಾಚುತ್ತಿದ್ದರು.

ಹುಬ್ಬು ತಿದ್ದಿಸಿಕೊಳ್ಳಲು ಕುಂಬಾರಕೊಪ್ಪಲಿನ ಮನೆಯೊಂದರಲ್ಲಿದ್ದ ಬ್ಯೂಟಿ ಪಾರ್ಲರಿಗೆ ಹೋಗಿದ್ದೆ. ಒಳಗೆ ಪಿಯುಸಿ ಓದುವ ವಯಸ್ಸಿನ ಹುಡುಗಿ ಕುಳಿತಿದ್ದಳು. ಅವಳ ಕೆನ್ನೆಯ ಬಿಳಿ ಮಚ್ಚೆ ಕಪ್ಪಾಗಲೆಂದು ಗೇಣು ದೂರದಲ್ಲಿ ನೇರಳಾತೀತ ಕಿರಣದ ನೀಲಿ ಟ್ಯೂಬು ಉರಿಯುತ್ತಿತ್ತು. ಹುಡುಗಿಯದು ಬರಿಗಣ್ಣು. ದೀಪ ಹಚ್ಚಿದ ಪಾರ್ಲರಿನಾಕೆ ಮಾತ್ರ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದರು. ನನಗೆ ಅಲ್ಲೇ ಅನುಮಾನ ಬಂತು.

“ನಿಮಗೆ ಯಾಕೆ ಕನ್ನಡಕ?” ಎಂದೆ.

“ನಂದು ದಿನಾ ಇದೇ ಕೆಲಸ ಕಣಮ್ಮ. ಬಿಸಿಲಲ್ಲಿರೋದೇ ಇದ್ರಲ್ಲೂ ಇರೋದು. ಬಿಸಿಲಿಗೂ ಹೆದರ್ತೀರೇನು?” ಎಂದು ಆಕೆ ನಕ್ಕರು. ಡಾಕ್ಟರ ಚೀಟಿ ಎಲ್ಲಿ ಎಂದು ಕೇಳಿದ್ದಕ್ಕೆ “ಇದಕ್ಕೆಲ್ಲ ಚೀಟಿ ಯಾಕೆ?” ಎಂದು ಕೈಯಾಡಿಸಿದರು.

ನಾನು ಸ್ವಿಚ್ ಆರಿಸಿಬಿಟ್ಟೆ.

“ನೀವ್ಯಾರ್ರೀ ಮಧ್ಯ ಬರೋಕೆ?” ಎಂದು ತಾಯಿ ಸಿಡುಕಿದರು. ಆಗ ಹುಡುಗಿ ತಲೆ ಎತ್ತದೆ ಹೇಳಿದಳು: “ಈ ದೀಪ ಶುರುವಾದ ಮೂರು ದಿನದಿಂದ ಕಣ್ಣಲ್ಲಿ ಮರಳು ಬಿದ್ದಂಗಾಗ್ತಿದೆ ಕಣಮ್ಮ. ಅಕ್ಕನ ಮದ್ವೆ ನಿಂತೋಗ್ಬಾರ್ದು ಅಂತ ಸುಮ್ನಿದ್ದೆ.”

ತಾಯಿ ಅವಳ ಮುಖವನ್ನು ಕಿಟಕಿಯತ್ತ ತಿರುಗಿಸಿ ನೋಡಿದರು. ಕಣ್ಣೆರಡೂ ಕೆಂಪಗೆ ಊದಿದ್ದವು. ಮಗಳ ಕೈ ಹಿಡಿದು ಹೊರಟರು.

ಅವರು ಕಣ್ಣಿನ ಡಾಕ್ಟರ ಹತ್ತಿರ ಹೋದರೋ, ಇನ್ನೊಂದು ಪಾರ್ಲರಿಗೆ ಹೋದರೋ ನನಗೆ ಗೊತ್ತಿಲ್ಲ. ಮೂರು ವಾರವಾದರೂ ಆ ಹುಡುಗಿಯ ಮುಖವೇ ಕಣ್ಣಮುಂದಿದೆ. ಆ ದಿನ ಯಾರೂ ಏನೂ ಕೇಳದಿದ್ದರೆ, ಭಾನುವಾರದವರೆಗೂ ಅವಳು ದಿನಾ ಆ ದೀಪದ ಮುಂದೆ ಹಾಗೇ ಕುಳಿತಿರುತ್ತಿದ್ದಳು.